ದೇವರಾಯನದುರ್ಗದ ಹಳದಿ ಕತ್ತಿನ ಪಿಕಳಾರ: ಮೊದಲು ಮರ, ಆಮೇಲೆ ಹಕ್ಕಿ

ಹಳದಿ ಕತ್ತಿನ ಪಿಕಳಾರ (ಬುಲ್‌ಬುಲ್) ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಿಗದ ಹಕ್ಕಿ. ನಂದಿಬೆಟ್ಟದಲ್ಲೂ ಇದೆ. ಆದರೆ ಅಲ್ಲಿ ಭಾನುವಾರದ ಗಲಾಟೆಯಲ್ಲಿ ಹಕ್ಕಿಯ ದನಿ ಕಿವಿಗೆ ಬಿದ್ದರೆ ಪುಣ್ಯ. ಹಾಗಾಗಿ ನನ್ನ ಆಯ್ಕೆ ತುಮಕೂರು ಪಕ್ಕದ ದೇವರಾಯನದುರ್ಗ.

ಬೆಟ್ಟದ ಬುಡದ ನೀರಿನ ಬುಗ್ಗೆ ನಾಮದ ಚಿಲುಮೆಯ ಸುತ್ತಲಿನ ದಟ್ಟ ಮರಗಳಲ್ಲಿ ಇದಕ್ಕಾಗಿ ಹೊತ್ತು ಕಳೆಯುವುದು ದಂಡ. ಭೋಗನರಸಿಂಹ ಗುಡಿಯಿಂದ ಯೋಗನರಸಿಂಹ ಗುಡಿಗೆ ಹತ್ತುವ ದಾರಿಯ ಆಚೀಚೆ, ಬಂಡೆಯ ಸೀಳಿಗೆ ಬೇರು ಇಳಿಬಿಟ್ಟ ಕಲ್ಲರಳಿ (ಅತ್ತಿ ಜಾತಿಯ ಮರ) ಎಲ್ಲಿದೆ ಎಂದು ಮೊದಲು ಗುರುತು ಮಾಡಿಕೊಳ್ಳುತ್ತೇನೆ. ಬೋಳು ಬಂಡೆ, ಕುರುಚಲು ಪೊದೆ, ಹಣ್ಣಿನ ಮರ, ಮೂರೂ ಒಂದೇ ಕಡೆ ಇರಬೇಕು. ಅತ್ತಿ ಜಾತಿಯ ಹಣ್ಣು ಮುಗಿದಿದ್ದರೆ ಲಂಟಾನ, ಕವಳೆ ಪೊದೆಗಳ ಕಡೆ ತಿರುಗುತ್ತೇನೆ. ಮರದಿಂದ ಹದಿನೈದು-ಇಪ್ಪತ್ತು ಮೀಟರ್ ದೂರದಲ್ಲಿ, ಬಿಸಿಲಿಗೆ ಬೆನ್ನು ಹಾಕಿ, ಅರ್ಧ ಗಂಟೆಯಾದರೂ ಅಲುಗಾಡದೆ ಕೂರಬೇಕು. ಬೆಳಕು ಹರಿದಾಗಿನಿಂದ ಒಂಬತ್ತರವರೆಗೆ ಓಡಾಟ ಚೆನ್ನಾಗಿರುತ್ತದೆ. ಬಂಡೆ ಕಾದಮೇಲೆ ಪೊದೆಯೊಳಗೆ ಸೇರಿಬಿಡುತ್ತದೆ.

ಹೊಸಬರು ಎಡವುವುದು ಗುರುತಿನಲ್ಲಿ. ಬಿಳಿ ಹುಬ್ಬಿನ ಪಿಕಳಾರಕ್ಕೂ ಬಾಲದಡಿ ಹಳದಿ ಇರುವುದರಿಂದ ಕೆಳಗಿನಿಂದ ನೋಡಿದವರು ಅದನ್ನೇ ಇದು ಅಂದುಕೊಳ್ಳುತ್ತಾರೆ. ಕಣ್ಣ ಮೇಲೆ ಬಿಳಿ ಗೆರೆ ಕಂಡರೆ ಅದು ಬೇರೆ. ನಮ್ಮ ಹಕ್ಕಿಗೆ ಹುಬ್ಬೂ ಇಲ್ಲ, ಜುಟ್ಟೂ ಇಲ್ಲ. ತಲೆ ಹಸಿರು ಬೆರೆತ ಹಳದಿ, ಗಂಟಲು ಅರಿಸಿನ ಬಳಿದಷ್ಟು ಹಳದಿ, ಎದೆ ಬೂದು. ಹಾರುವಾಗ ಬಾಲದ ತುದಿಯಲ್ಲಿ ತಿಳಿ ಹಳದಿ ಕಾಣುತ್ತದೆ.

ಫೋಟೋದ ತೊಂದರೆಯೆಲ್ಲ ಬಂಡೆಯದು. ಹಿಂದೆ ಬಿಸಿಲು ಬಿದ್ದ ಬಂಡೆ ಇದ್ದರೆ ಕ್ಯಾಮೆರಾ ಮೋಸಹೋಗಿ ಹಕ್ಕಿಯನ್ನು ಕಪ್ಪು ಮಾಡುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಚಿತ್ರವನ್ನು ಬೆಳಗಿಸುವ ಹೊಂದಾಣಿಕೆ) +0.7ರಿಂದ +1ರವರೆಗೆ ಏರಿಸಿ. ನೆರಳಲ್ಲಿ ಕೂತಿದ್ದರೂ ಶಟರ್ ವೇಗ 1/800 ಸೆಕೆಂಡಿಗಿಂತ ಇಳಿಸಬೇಡಿ, ಹಣ್ಣು ಕೀಳುವಾಗ ತಲೆ ಅಲುಗುತ್ತದೆ. ಅದಕ್ಕಾಗಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿದರೆ ಏರಲಿ. ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವ ಚಾಳಿಯಂತೂ ನನಗೆ ಸೇರದು. ಹಕ್ಕಿ ಮೇವು ಬಿಟ್ಟು ಪ್ರತಿಸ್ಪರ್ಧಿಯನ್ನು ಹುಡುಕುತ್ತ ಅಲೆಯುತ್ತದೆ.

ಗುಡಿಯ ಹತ್ತಿರ ಕೈಯಲ್ಲಿ ಪ್ಲಾಸ್ಟಿಕ್ ಕವರ್ ಇದ್ದರೆ ಕೋತಿ ಕಿತ್ತುಕೊಳ್ಳುವುದು ಖಾತ್ರಿ. ತಿಂಡಿ ಬ್ಯಾಗಿನೊಳಗಿರಲಿ. ಇಲ್ಲಿ ಕರಡಿ, ಚಿರತೆ ಎರಡೂ ಇವೆ, ಆದ್ದರಿಂದ ಕತ್ತಲಲ್ಲಿ ಹೊರಡುವುದಿಲ್ಲ. ದಾರಿಯಲ್ಲಿ ಹಣ್ಣಿನ ಬೀಜ, ಗೆದ್ದಲಿನ ಚೂರು ತುಂಬಿದ ಹಸಿ ಹಿಕ್ಕೆ ಕಂಡರೆ ಅದು ಕರಡಿಯದೇ. ಆ ಪೊದೆ ಬಿಟ್ಟು ಬೇರೆ ಮರ ನೋಡಿಕೊಳ್ಳುತ್ತೇನೆ.