ರ‍್ಯಾಮ್ ತುಂಬಿಸಿ ನೋಡೋಣ: ಸ್ವಾಪ್ ಪರೀಕ್ಷೆಗೆ ಒಂದು ವರ್ಚುವಲ್ ಮಷಿನ್

ರ‍್ಯಾಮ್ ತುಂಬಿಹೋದರೆ ಲಿನಕ್ಸ್ ಏನು ಮಾಡುತ್ತದೆ? ಬೇಕಂತಲೇ ತುಂಬಿಸಿದರೆ ಗೊತ್ತಾಗುತ್ತದೆ. ಆದರೆ ಕೆಲಸದ ಕಂಪ್ಯೂಟರ್‌ನಲ್ಲಿ ಬೇಡ.

ಕಂಪ್ಯೂಟರ್‌ನೊಳಗೇ ಇನ್ನೊಂದು (ವರ್ಚುವಲ್) ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲಿ 1 ಜಿಬಿ ರ‍್ಯಾಮ್‌ನ ಮಷಿನ್ ಮಾಡಿ, ಡೆಸ್ಕ್‌ಟಾಪ್ ಇಲ್ಲದ ಡೆಬಿಯನ್ ಲಿನಕ್ಸ್ ಹಾಕಿ. ರ‍್ಯಾಮ್ ಜಾಸ್ತಿ ಕೊಟ್ಟರೆ ತುಂಬಿಸಲು ಸುಮ್ನೆ ಕಾಯಬೇಕಾಗುತ್ತದೆ. ಮೊದಲೇ ಒಂದು ಸ್ನ್ಯಾಪ್‌ಶಾಟ್ (ಏನಾದರೂ ಕೆಟ್ಟರೆ ಮರಳಲು ಮಷಿನ್‌ನ ಆಗಿನ ಸ್ಥಿತಿಯ ಪ್ರತಿ) ತೆಗೆದಿಡಿ.

ಲಾಗಿನ್ ಆಗಿ ‘ಫ್ರೀ’ ಕಮಾಂಡ್ ಕೊಡಿ. ಫ್ರೀ ಕಾಲಮ್‌ನಲ್ಲಿ ಕಡಿಮೆ ಕಂಡರೆ ಗಾಬರಿ ಬೇಡ. ಬಳಕೆಯಲ್ಲಿಲ್ಲದ ರ‍್ಯಾಮನ್ನು ಲಿನಕ್ಸ್ ಫೈಲ್‌ಗಳ ಕ್ಯಾಶ್‌ಗೆ ಬಳಸಿಕೊಂಡು, ಕೇಳಿದಾಗ ಬಿಟ್ಟುಕೊಡುತ್ತದೆ. ನೋಡಬೇಕಾದ್ದು ‘ಅವೈಲಬಲ್’ ಕಾಲಮ್.

ಮೊದಲು ಸ್ವಾಪ್ (ರ‍್ಯಾಮ್ ಸಾಲದಾಗ ಡೇಟಾ ಇಡಲು ಡಿಸ್ಕ್‌ನಲ್ಲಿ ಮಾಡಿದ ಜಾಗ) ಇಲ್ಲದೆ ನೋಡೋಣ. ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ‘ಸ್ವಾಪ್‌ಆಫ್ -ಎ’ ಕೊಟ್ಟು ಇರುವ ಸ್ವಾಪ್ ನಿಲ್ಲಿಸಿ. ಇನ್ನು ತುಂಬಿಸುವ ಕೆಲಸ. ಡೆವ್ ಫೋಲ್ಡರ್‌ನ ‘ಯುರ‍್ಯಾಂಡಮ್’ ಕೊಡುವ, ಎಂದೂ ಮುಗಿಯದ ಅಡ್ಡಾದಿಡ್ಡಿ ಡೇಟಾದಿಂದ ‘ಟಿಆರ್’ ಕಮಾಂಡ್ ಬಳಸಿ ಹೊಸ ಸಾಲಿನ ಗುರುತುಗಳನ್ನು ಅಳಿಸಿ, ಉಳಿದದ್ದನ್ನು ‘ಟೇಲ್’ಗೆ ಪೈಪ್ ಮಾಡಿ (ನೇರವಾಗಿ ಹರಿಸಿ). ಟೇಲ್ ತೋರಿಸುವುದು ಕೊನೆಯ ಹತ್ತು ಸಾಲು. ಇಲ್ಲಿ ಮೊದಲ ಸಾಲೇ ಮುಗಿಯುವುದಿಲ್ಲವಲ್ಲ! ಪಾಪ, ಓದಿದ್ದನ್ನೆಲ್ಲ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತಾ ಹೋಗುತ್ತದೆ. ಕೊನೆಗೆ ಪರದೆಯಲ್ಲಿ ‘ಕಿಲ್ಡ್’ ಎಂಬ ಪದ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿರುವ ಓಓಎಂ (ಔಟ್ ಆಫ್ ಮೆಮೊರಿ) ಕಿಲ್ಲರ್, ಅತಿ ಹೆಚ್ಚು ಮೆಮೊರಿ ಹಿಡಿದಿದ್ದ ಪ್ರೋಗ್ರಾಮನ್ನು ಹುಡುಕಿ ಮುಗಿಸಿದೆ. ಕರ್ನಲ್‌ನ ಸಂದೇಶ ತೋರಿಸುವ ‘ಡಿಮೆಸೇಜ್’ (dmesg) ಕೊಟ್ಟರೆ ವಿವರ ಸಿಗುತ್ತದೆ.

ಈಗ ಸ್ವಾಪ್ ಸೇರಿಸಿ. ‘ಎಫ್‌ಅಲೊಕೇಟ್’ನಿಂದ 2 ಜಿಬಿಯ ಫೈಲ್ ಮಾಡಿ, ‘ಸಿಎಚ್‌ಮಾಡ್’ನಿಂದ 600 ಅನುಮತಿ (ಮಾಲೀಕ ಮಾತ್ರ ಓದಿ ಬರೆಯಬಹುದು) ಕೊಡಿ. ಇದನ್ನು ಬಿಡಬೇಡಿ: ಮೆಮೊರಿಯಲ್ಲಿದ್ದ ಪಾಸ್‌ವರ್ಡ್ ಕೂಡ ಈ ಫೈಲ್‌ಗೆ ಬರಬಹುದು. ಆಮೇಲೆ ಆ ಫೈಲನ್ನು ಸ್ವಾಪ್ ಆಗಿ ಸಿದ್ಧಪಡಿಸಲು ‘ಎಂಕೆಸ್ವಾಪ್’, ಚಾಲೂ ಮಾಡಲು ‘ಸ್ವಾಪ್‌ಆನ್’.

ಆಲ್ಟ್ ಮತ್ತು ಎಫ್2 ಒತ್ತಿ ಇನ್ನೊಂದು ಕನ್ಸೋಲ್‌ನಲ್ಲಿ ಲಾಗಿನ್ ಆಗಿ, ಮೆಮೊರಿಯ ಲೆಕ್ಕ ತೋರಿಸುವ ‘ವಿಎಂಸ್ಟ್ಯಾಟ್ 1’ ಓಡಿಸಿ. ಸೆಕೆಂಡಿಗೊಂದು ಸಾಲು ಬರುತ್ತದೆ. ಮೊದಲ ಸಾಲು ಬೂಟ್ ಆದಾಗಿನಿಂದ ಇಲ್ಲಿಯವರೆಗಿನ ಸರಾಸರಿ, ಅದನ್ನು ಬಿಡಿ. ಮೊದಲ ಕನ್ಸೋಲ್‌ಗೆ ಮರಳಿ ಅದೇ ಟೇಲ್ ಆಟ ಶುರು ಮಾಡಿ, ಬಂದು ನೋಡಿ. ಸೊನ್ನೆಯಾಗಿದ್ದ ‘ಎಸ್‌ಓ’ ಕಾಲಮ್ ಏರುತ್ತದೆ: ರ‍್ಯಾಮ್‌ನಿಂದ ಡಿಸ್ಕ್‌ಗೆ ಹೋಗುತ್ತಿರುವ ಡೇಟಾ ಅದು. ‘ಎಸ್‌ಐ’ ವಾಪಸ್ ಬರುವುದು. ಟೇಲ್ ಈ ಸಲವೂ ಸಾಯುತ್ತದೆ, ಆದರೆ ತಡವಾಗಿ. ಅಷ್ಟರಲ್ಲಿ ಮಷಿನ್ ತೆವಳಲೂಬಹುದು. ಸ್ವಾಪ್ ಕೊಡುವುದು ಸಮಯ, ವೇಗ ಅಲ್ಲ.

(ಯುರ‍್ಯಾಂಡಮ್ ಬದಲು ‘ಝೀರೋ’ ಬಳಸಬೇಡಿ. ಬರೀ ಸೊನ್ನೆ ತುಂಬಿದ ಪೇಜ್‌ಗಳನ್ನು (ಮೆಮೊರಿಯ ತುಂಡುಗಳನ್ನು) ಹೊಸ ಕರ್ನಲ್‌ಗಳು ಡಿಸ್ಕ್‌ಗೆ ಬರೆಯುವುದೇ ಇಲ್ಲ.)

ಹಾಗಾಗಿ ನಿಮ್ಮ ಕಂಪ್ಯೂಟರ್‌ನಲ್ಲಿ ಸ್ವಾಪ್ ಒಂದಿಷ್ಟು ಬಳಕೆಯಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಎಸ್‌ಐ, ಎಸ್‌ಓ ಎರಡೂ ಬಿಡದೆ ಓಡುತ್ತಿದ್ದರೆ ರ‍್ಯಾಮ್ ಸಾಲುತ್ತಿಲ್ಲ ಎಂದೇ ಅರ್ಥ. ರೀಬೂಟ್ ಆದಮೇಲೂ ಈ ಸ್ವಾಪ್ ಫೈಲ್ ಬೇಕಿದ್ದರೆ ಬೂಟ್ ಆಗುವಾಗ ಓದುವ ಡಿಸ್ಕ್‌ಗಳ ಪಟ್ಟಿ ‘ಎಫ್‌ಎಸ್‌ಟ್ಯಾಬ್’ಗೆ ಸೇರಿಸಿ. ಅಲ್ಲಿ ತಪ್ಪು ಬರೆದರೆ ಬೂಟ್ ಅರ್ಧಕ್ಕೇ ನಿಲ್ಲಬಹುದು, ಆಗ ಸ್ನ್ಯಾಪ್‌ಶಾಟ್ ಇದ್ದೇ ಇದೆಯಲ್ವಾ.