ದೊಡ್ಡ ಕ್ರೂಸ್ ಹಡಗಿನಲ್ಲಿ ರಜೆ: ಕ್ಯಾಬಿನ್ ಆಯ್ಕೆಯಿಂದ ಇಳಿಯುವ ಬೆಳಗಿನವರೆಗೆ

2024ರಲ್ಲಿ ಸಂಚಾರ ಶುರುಮಾಡಿದ 'ಐಕಾನ್ ಆಫ್ ದಿ ಸೀಸ್' ಹಡಗಿಗೆ 20 ಡೆಕ್, ಸುಮಾರು 365 ಮೀಟರ್ ಉದ್ದ. ತುಂಬಿದಾಗ ಪ್ರಯಾಣಿಕರೇ ಏಳು ಸಾವಿರ ದಾಟುತ್ತಾರೆ. ಇಷ್ಟು ಜನ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹತ್ತುವ, ಉಣ್ಣುವ, ಇಳಿಯುವ ಕಡೆ ಗುಂಪಿಗಿಂತ ಅರ್ಧ ಗಂಟೆ ಮುಂಚೆಯೋ ಆಮೇಲೋ ಹೋಗುವವರೇ ಸುಖವಾಗಿರುತ್ತಾರೆ.

ಮೊದಲ ನಿರ್ಧಾರ ಕ್ಯಾಬಿನ್‌ದು. ಹಣ ಉಳಿಸಬೇಕಿದ್ದರೆ ಬೇರೆ ಕಡೆ ಉಳಿಸಿ, ಜಾಗದ ವಿಷಯದಲ್ಲಿ ಬೇಡ. ಅಲುಗಾಟ ಅತಿ ಕಡಿಮೆ ಇರುವುದು ಹಡಗಿನ ನಡುಭಾಗದ ಕೆಳ ಡೆಕ್‌ಗಳಲ್ಲಿ. ನೀರಿನಡಿ ಹಡಗಿನ ಎರಡೂ ಬದಿಗೆ ಚಾಚುವ ಸ್ಟೆಬಿಲೈಸರ್ ರೆಕ್ಕೆಗಳು ಎಡಬಲ ಓಲಾಟವನ್ನು ತಗ್ಗಿಸುತ್ತವೆ. ಹಡಗಿನ ಮೂತಿ ಎದ್ದು ಬೀಳುವುದನ್ನು ತಡೆಯುವುದಿಲ್ಲ. ಮುಂತುದಿಯ ಕ್ಯಾಬಿನ್‌ನಲ್ಲಿ ತಲೆಸುತ್ತು ಬರುವುದು ಇದರಿಂದಲೇ. ಬಂದರು ಸೇರುವ ಬೆಳಗಿನ ಜಾವ ಬೋ ಥ್ರಸ್ಟರ್ (ಮೂತಿಯನ್ನು ಪಕ್ಕಕ್ಕೆ ತಳ್ಳುವ ಯಂತ್ರ), ಲಂಗರಿನ ಸರಪಳಿಯ ಸದ್ದೂ ಅಲ್ಲೇ ಹೆಚ್ಚು. ಹಿಂಭಾಗದ ಕೆಳಗಿನ ಡೆಕ್‌ಗಳಲ್ಲಿ ಪ್ರೊಪೆಲರ್‌ನ ನಡುಕ ಕೇಳಿಸುತ್ತದೆ. ಡೆಕ್ ನಕ್ಷೆ ತೆರೆದು ನಿಮ್ಮ ಕ್ಯಾಬಿನ್‌ನ ಮೇಲೆ ಮತ್ತು ಕೆಳಗೆ ಏನಿದೆ ನೋಡಿ. ಮೇಲೆ ಈಜುಕೊಳವಿದ್ದರೆ ನಸುಕಿನಲ್ಲೇ ಕುರ್ಚಿ ಎಳೆಯುವ ಸದ್ದು, ಕೆಳಗೆ ನಾಟಕಶಾಲೆಯಿದ್ದರೆ ರಾತ್ರಿ ಹೊತ್ತಾಗುವವರೆಗೂ ಡ್ರಮ್ಮು. ಎರಡೂ ಕಡೆ ಕ್ಯಾಬಿನ್‌ಗಳೇ ಇದ್ದರೆ ಕಣ್ಣುಮುಚ್ಚಿ ಆರಿಸಿಕೊಳ್ಳಿ. 'ಗ್ಯಾರಂಟಿ' ಹೆಸರಿನ ಅಗ್ಗದ ದರದಲ್ಲಿ ಜಾಗ ಆರಿಸುವುದು ಕಂಪನಿ, ನೀವಲ್ಲ.

ಹತ್ತುವ ದಿನ ಟರ್ಮಿನಲ್‌ನಲ್ಲಿ ಕೊಟ್ಟ ದೊಡ್ಡ ಚೀಲ ಕ್ಯಾಬಿನ್ ತಲುಪುವಾಗ ಸಂಜೆಯೂ ಆಗಬಹುದು. ಪಾಸ್‌ಪೋರ್ಟ್, ಔಷಧಿ, ಚಾರ್ಜರ್, ಈಜುಡುಗೆ ಕೈಚೀಲದಲ್ಲೇ ಇರಲಿ. ಇಸ್ತ್ರಿಪೆಟ್ಟಿಗೆ, ಮೇಣದಬತ್ತಿ, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ತಪಾಸಣೆಯಲ್ಲಿ ಸಿಕ್ಕಿಬಿದ್ದು ಜಪ್ತಿಯಾಗುತ್ತವೆ. ಕ್ಯಾಬಿನ್ ಗೋಡೆ ಸಾಮಾನ್ಯವಾಗಿ ಉಕ್ಕಿನದು. ನಾಲ್ಕು ಅಯಸ್ಕಾಂತದ ಕೊಕ್ಕೆ ಒಯ್ದರೆ ಒದ್ದೆ ಬಟ್ಟೆಗೂ ಟೋಪಿಗೂ ಜಾಗವಾಯಿತು.

ಮಸ್ಟರ್ ಡ್ರಿಲ್, ಅಂದರೆ ತುರ್ತು ಹೊತ್ತಿನಲ್ಲಿ ಎಲ್ಲಿ ಸೇರಬೇಕೆಂದು ತೋರಿಸುವ ಅಭ್ಯಾಸ, ತಪ್ಪಿಸಬೇಡಿ. 2012ರ ಜನವರಿ 13ರಂದು ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಇಟಲಿಯ ಬಳಿ ಬಂಡೆಗೆ ಬಡಿದು 32 ಜನ ಸತ್ತಾಗ, ಅದೇ ದಿನ ಹತ್ತಿದವರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ; ಆಗಿನ ನಿಯಮ 24 ಗಂಟೆಯ ಅವಕಾಶ ಕೊಟ್ಟಿತ್ತು. ಈಗ ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಆಗಲೇಬೇಕು. ಏಳು ಚಿಕ್ಕ ಸೀಟಿ, ಒಂದು ಉದ್ದ ಸೀಟಿ ಕೇಳಿದರೆ ನಿಮಗೆ ಗೊತ್ತುಮಾಡಿದ ಸೇರುವ ಜಾಗವಾದ ಮಸ್ಟರ್ ಸ್ಟೇಷನ್‌ಗೆ ನಡೆಯಿರಿ. ಲಿಫ್ಟ್ ಬೇಡ. ಕ್ಯಾಬಿನ್‌ನಿಂದ ಅಲ್ಲಿಗೆ ಮೆಟ್ಟಿಲಲ್ಲಿ ಒಮ್ಮೆ ನಡೆದು ನೋಡಿಕೊಂಡಿರಿ.

ವಾಂತಿ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತನ್ನಿ. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ, ಮೊದಲೇ ತೆಗೆದುಕೊಳ್ಳಬೇಕು. ಊಟಕ್ಕೆ ಮುಂಚೆ ಸೋಪು ಹಚ್ಚಿ 20 ಸೆಕೆಂಡು ಕೈ ತೊಳೆಯಿರಿ. ವಾಂತಿಭೇದಿ ತರುವ ನೊರೋವೈರಸ್‌ಗೆ ಸ್ಯಾನಿಟೈಜರ್ ಸಾಲದು.

ಬಂದರಿನ ದಿನಗಳಲ್ಲಿ ಹೆಚ್ಚಿನವರು ಎಡವುವುದು ಗಡಿಯಾರದಲ್ಲಿ. ಹಡಗಿನ ಸಮಯವೂ ಊರಿನ ಸಮಯವೂ ಬೇರೆ ಇರಬಹುದು, ಮೊಬೈಲ್ ತಾನಾಗಿ ಊರಿನ ಸಮಯಕ್ಕೆ ತಿರುಗಿಬಿಡುತ್ತದೆ. ಕೈಗಡಿಯಾರವನ್ನು ಹಡಗಿನ ಸಮಯಕ್ಕೇ ಇಟ್ಟುಕೊಳ್ಳಿ. 'ಆಲ್ ಅಬೋರ್ಡ್' ವೇಳೆ, ಅಂದರೆ ಎಲ್ಲರೂ ಹಡಗಿಗೆ ಮರಳಿರಬೇಕಾದ ಹೊತ್ತು, ಹೊರಡುವುದಕ್ಕಿಂತ ಅರ್ಧ ಗಂಟೆಯಾದರೂ ಮುಂಚೆ ಇರುವುದೇ ರೂಢಿ. ಹಡಗು ದೂರದಲ್ಲೇ ಲಂಗರು ಹಾಕಿದ್ದರೆ ದಡಕ್ಕೂ ಹಡಗಿಗೂ ಓಡಾಡುವ ಕೊನೆಯ ಟೆಂಡರ್ ದೋಣಿಯ ಹೊತ್ತನ್ನು ಇಳಿಯುವಾಗಲೇ ಕೇಳಿಕೊಳ್ಳಿ. ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಸಾಮಾನ್ಯವಾಗಿ ಕಾಯುತ್ತಾರೆ. ಸ್ವಂತವಾಗಿ ಸುತ್ತಲು ಹೋದವರಿಗೆ ಕಾಯುವ ಭರವಸೆ ಇಲ್ಲ, ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲೇ ಹೋಗಬೇಕು. ಅಷ್ಟೇನೂ ಆಸಕ್ತಿಯಿಲ್ಲದ ಬಂದರು ಬಂದಾಗ ಹಡಗಿನಲ್ಲೇ ಉಳಿಯಿರಿ: ಈಜುಕೊಳ, ಜಾರುಬಂಡೆ ಎಲ್ಲವೂ ಖಾಲಿ ಇರುತ್ತವೆ.

ಹಡಗು ದಡ ಬಿಟ್ಟ ಕೂಡಲೇ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಹಡಗಿನ ಮೊಬೈಲ್ ನೆಟ್‌ವರ್ಕ್ ಉಪಗ್ರಹದ ಮೂಲಕ ಸಾಗುವುದರಿಂದ ಸಾಮಾನ್ಯ ರೋಮಿಂಗ್ ಪ್ಯಾಕ್ ಅದಕ್ಕೆ ಅನ್ವಯಿಸದೇ ಇರಬಹುದು. ಅನೇಕ ಹಡಗುಗಳಲ್ಲಿ ಟಿಪ್ಸ್ ದಿನಕ್ಕಿಷ್ಟು ಎಂದು ತಾನಾಗಿ ಖಾತೆಗೆ ಸೇರುತ್ತದೆ. ಲೆಕ್ಕವನ್ನು ನಡುವೆಯೇ ಒಮ್ಮೆ ನೋಡಿ. ಕೊನೆಯ ಬೆಳಿಗ್ಗೆ ಕೌಂಟರ್ ಮುಂದೆ ಉದ್ದ ಸಾಲಿರುತ್ತದೆ.

ಕೊನೆಯ ರಾತ್ರಿ ಚೀಲಗಳನ್ನು ಬಾಗಿಲ ಹೊರಗಿಡುವ ಮುಂಚೆ ಮರುದಿನದ ಬಟ್ಟೆ, ಚಪ್ಪಲಿ, ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳಿ. ಎಲ್ಲವನ್ನೂ ತುಂಬಿ ಕಳಿಸಿದವರು ರಾತ್ರಿಯುಡುಗೆಯಲ್ಲೇ ಇಳಿಯಬೇಕಾಗುತ್ತದೆ. ಚೀಲವನ್ನು ನೀವೇ ಹೊರಬಲ್ಲಿರಾದರೆ ಹೊರಗಿಡದೆ ಜೊತೆಗೇ ಒಯ್ಯಿರಿ, ಮೊದಲ ತಂಡದಲ್ಲೇ ಇಳಿಯಬಹುದು. ಹಾಗಿದ್ದರೂ ಮಧ್ಯಾಹ್ನಕ್ಕೆ ಮುಂಚಿನ ವಿಮಾನ ಬುಕ್ ಮಾಡಬೇಡಿ.