ಬರ್ಟ್ ವಿಲಿಯಮ್ಸ್‌ನ ಇಸ್ಪೀಟಾಟವನ್ನು ನಾನು ರಂಗಕ್ಕೆ ತಂದದ್ದು

ಅಮೆರಿಕದ ರಂಗದಲ್ಲಿ ಹೆಸರು ಮಾಡಿದ ಕಪ್ಪು ಹಾಸ್ಯನಟ ಬರ್ಟ್ ವಿಲಿಯಮ್ಸ್ ಮೇಲೆ ಏಕವ್ಯಕ್ತಿ ಪ್ರಯೋಗ ಮಾಡುತ್ತೇನೆ ಅಂದಾಗ ತಂಡದವರೆಲ್ಲ ಬೇಡ ಅಂದರು. ಚಾಪ್ಲಿನ್ ಮಾಡು, ಜನ ಬರ್ತಾರೆ ಅಂತ ಹಟ. ಈಗ ಅದು ಕುದುರಿದೆ, ಹಾಲ್ ತುಂಬುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಬರ್ಟ್ 1874ರಲ್ಲಿ ಬಹಾಮಾಸ್‌ನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಬಂದವನು. 1903ರಲ್ಲಿ ಜೊತೆಗಾರ ಜಾರ್ಜ್ ವಾಕರ್ ಜೊತೆ 'ಇನ್ ದಹೋಮಿ' ಎಂಬ ಸಂಗೀತ ನಾಟಕವನ್ನು ನ್ಯೂಯಾರ್ಕ್‌ನ ದೊಡ್ಡ ರಂಗಮಂದಿರಗಳ ಬೀದಿ ಬ್ರಾಡ್‌ವೇಗೆ ತಂದ. ಬರೆದವರು, ಆಡಿದವರು ಎಲ್ಲ ಕಪ್ಪು ಜನರೇ. 1910ರಲ್ಲಿ ಹಾಡು, ಕುಣಿತ, ಹಾಸ್ಯದ ಹೆಸರಾಂತ ಪ್ರದರ್ಶನ ಜೀಗ್‌ಫೆಲ್ಡ್ ಫಾಲೀಸ್‌ಗೆ, ಬಿಳಿಯರ ನಡುವೆ, ಒಬ್ಬನೇ ಹೋಗಿ ನಿಂತ. ಅಂಥ ಎದೆಗಾರಿಕೆ!

ನನಗೆ ಬೇಕಿದ್ದದ್ದು ಅವನ ಪೋಕರ್ ಮೂಕಾಭಿನಯ. ಪೋಕರ್ ಅಂದರೆ ಪಣ ಕಟ್ಟಿ, ಎದುರಿನವರ ಮುಖ ಓದಿ ಆಡುವ ಇಸ್ಪೀಟಾಟ. ಎಲೆ ಇಲ್ಲ, ಎದುರಾಳಿ ಇಲ್ಲ, ಎಲ್ಲರ ಆಟವೂ ಒಬ್ಬನದೇ. 1916ರ 'ಎ ನ್ಯಾಚುರಲ್ ಬಾರ್ನ್ ಗ್ಯಾಂಬ್ಲರ್' ಚಿತ್ರದಲ್ಲಿ ಅದು ಉಳಿದಿದೆ, ನೋಡಿಯೇ ಕಲಿತೆ.

ಮೊದಲ ಪ್ರದರ್ಶನಕ್ಕೆ ಹಾಲ್ ಬಾಡಿಗೆ, ಲೈಟು, ಪೋಸ್ಟರ್ ಅಂತ 30 ಸಾವಿರದ ಹತ್ತಿರ ಹೋಯಿತು, ಗೇಟ್‌ನಲ್ಲಿ ಬಂದದ್ದು ಎಂಟೊಂಬತ್ತು ಸಾವಿರ, ಅದರಲ್ಲೂ ಅರ್ಧ ನೆಂಟರದು. ನಗು ಬರಲೇ ಇಲ್ಲ. ಪೋಕರ್ ಇಲ್ಲಿಯವರಿಗೆ ಗೊತ್ತಿಲ್ಲ ಅಂದರು, ರಮ್ಮಿ ಮಾಡಿದೆ. ರಮ್ಮಿಯಲ್ಲಿ ಎದುರಿನವನ ಮುಖ ಓದುವ ಕೆಲಸ ಕಮ್ಮಿ, ಸಪ್ಪೆಯಾಯಿತು. ತೀನ್ ಪತ್ತಿಯಲ್ಲಿ ಎಲೆ ಬದಲಿಸುವುದಿಲ್ಲ, ಹೊಸ ಎಲೆ ಎತ್ತುವಾಗಿನ ಆಸೆಯೇ ಹೋಯಿತು. ಮತ್ತೆ ಪೋಕರ್‌ಗೇ ಬಂದೆ. ಬದಲಿಸಿದ್ದು ಕಣ್ಣು. ಒಬ್ಬ ಎದುರಾಳಿ ಕುಳ್ಳ, ಒಬ್ಬ ಎತ್ತರ, ಒಬ್ಬ ತೀರಾ ಪಕ್ಕದಲ್ಲಿ. ನೋಟ ಆ ಎತ್ತರಕ್ಕೇ ಹೋಗಿ ನಿಲ್ಲಬೇಕು. ಲೈಟೂ ತಲೆ, ಭುಜ, ಕೈಗೆ ಮಾತ್ರ. ಮೂರು ಸ್ಪಾಟಿನ ಖರ್ಚು ಒಂದಕ್ಕಿಳಿಯಿತು, ನಗುವೂ ಶುರುವಾಯಿತು. ಕೊನೆಯ ಎಲೆ ಎತ್ತುವಾಗಿನ ಉಸಿರಿನ ಲೆಕ್ಕ ಮಾತ್ರ ಇಲ್ಲಿ ಹೇಳುವುದಿಲ್ಲ, ಅದು ನನ್ನ ಸಂಪಾದನೆ.

ಮೇಕಪ್‌ನವರು ಮುಖಕ್ಕೆ ಕಪ್ಪು ಹಚ್ಚೋಣ ಅಂದರು. ಒಪ್ಪಲಿಲ್ಲ. ಕಪ್ಪು ಜನಾಂಗದವನಾಗಿದ್ದೂ ಬರ್ಟ್ ಸುಟ್ಟ ಬಿರಡೆಯ ಮಸಿ ಬಳಿದುಕೊಂಡೇ ರಂಗಕ್ಕೆ ಬರಬೇಕಿತ್ತು, ಆ ಅವಮಾನದಿಂದ ನಾನು ನಗು ಎತ್ತುವುದಿಲ್ಲ. ಬಿಳಿ ಗ್ಲೌಸ್ ಹಾಕಿದೆ, ಸಾಕು. ಕತ್ತಲಲ್ಲಿ ಬೆರಳು ಚೆನ್ನಾಗಿ ಕಾಣುತ್ತದೆ ಕೂಡ.

ನಡುವೆ ಅವನ 'ನೋಬಡಿ' ಹಾಡನ್ನು ಹಾರ್ಮೋನಿಯಂ ಇಟ್ಟು ಪ್ರಯತ್ನಿಸಿದೆ. ಅವನು ಅರ್ಧ ಮಾತಾಡುತ್ತ, ಅರ್ಧ ಹಾಡುತ್ತ ಎಳೆಯುತ್ತಿದ್ದ. ನಮ್ಮ ಹಾರ್ಮೋನಿಯಂನವರು ರಂಗಗೀತೆಯ ಕಡೆಗೇ ಎಳೆದರು. ಈಗ ಪಕ್ಕವಾದ್ಯವಿಲ್ಲದೆ ಸುಮ್ನೆ ನಿಂತು ಹೇಳುತ್ತೇನೆ, ಅಲ್ಲೇ ಚಪ್ಪಾಳೆ ಜಾಸ್ತಿ.

ಈಗ ಶೋಗೆ 20 ಸಾವಿರದವರೆಗೆ ಕೇಳುತ್ತೇನೆ, ಕೊಡುತ್ತಾರೆ. ಬೇಡ ಅಂದಿದ್ದವರಲ್ಲಿ ಇಬ್ಬರು ಈಗ ನನ್ನ ಲೈಟು ನೋಡಿಕೊಳ್ಳುತ್ತಿದ್ದಾರೆ.